ಏನನ್ನು ಉಳಿಸೋಣ, ಏನನ್ನು ಅಳಿಸೋಣ?



ಅಂತರ್ಜಾಲಕ್ಕಾಗಿ ವಿಡಿಯೋ ತಯಾರಿಸುವವರ ಸಂಖ್ಯೆ ನಮ್ಮ ನಾಡಿನಲ್ಲಿ ಈಗ ಬಹಳ ದೊಡ್ಡದು. ಅಡುಗೆಮನೆಯಿಂದ, ಅಡಿಕೆ ತೋಟದಿಂದ, ಶಾಲೆಯ ಕೊಠಡಿಯಿಂದ, ಯಕ್ಷಗಾನದ ರಂಗಸ್ಥಳದ ಎದುರಿನಿಂದ ದಿನವೂ ಹೊಸ ಹೊಸ ಚಿತ್ರಗಳು ಬರುತ್ತಿವೆ. ಯಾವ ಕ್ಯಾಮೆರಾ ಕೊಳ್ಳಬೇಕು, ಬೆಳಕು ಹೇಗಿರಬೇಕು ಎಂದು ಈ ಕೆಲಸ ಮಾಡುವವರು ತಮ್ಮೊಳಗೆ ಸಾಕಷ್ಟು ಚರ್ಚಿಸುತ್ತಾರೆ. ಆದರೆ ಚಿತ್ರೀಕರಿಸಿದ್ದನ್ನು ಎಲ್ಲಿ ಇಡಬೇಕು, ಎಷ್ಟು ಕಾಲ ಇಡಬೇಕು, ಯಾವುದನ್ನು ಅಳಿಸಬಹುದು ಎಂಬ ವಿಚಾರ ಬರುವುದು ಸಾಮಾನ್ಯವಾಗಿ ಒಂದೇ ಸಂದರ್ಭದಲ್ಲಿ. ಅದು ಕಂಪ್ಯೂಟರು 'ಇನ್ನು ಜಾಗವಿಲ್ಲ' ಎಂದು ಹೇಳಿದಾಗ. ಆಗ ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಅಳಿಸಿಬಿಡುತ್ತೇವೆ. ಆ ಅವಸರವನ್ನು ತಪ್ಪಿಸುವ ಬಗೆ ಹೇಗೆ ಎಂಬುದೇ ಇಂದಿನ ಭಾಷಣದ ವಿಷಯ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕರಾವಳಿ ಮತ್ತು ಮಲೆನಾಡಿನ ಅನೇಕ ಯುವಕರು ಯಕ್ಷಗಾನದ ಆಟಗಳನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಏರಿಸುತ್ತಾರೆ. ಕಾಲಮಿತಿಯ ಆಟಗಳು ಈಗ ಹೆಚ್ಚಾಗಿದ್ದರೂ ಇಡೀ ರಾತ್ರಿಯ ಆಟ ನಿಂತಿಲ್ಲ. ರಾತ್ರಿ 9ಕ್ಕೆ ಆರಂಭವಾಗಿ ಬೆಳಿಗ್ಗೆ 6ಕ್ಕೆ ಮಂಗಳವಾಗುವ ಒಂದು ಆಟವನ್ನು ಲೆಕ್ಕಕ್ಕೆ ಹಿಡಿಯೋಣ. ಇಂದಿನ ಸಾಮಾನ್ಯ 4ಕೆ ಕ್ಯಾಮೆರಾಗಳಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ಚಿತ್ರ ದಾಖಲಾಗುವುದು ರೂಢಿ. ಎಂಟು ಬಿಟ್‌ಗಳಿಗೆ ಒಂದು ಬೈಟ್. ಆದ್ದರಿಂದ ಇದು ಸೆಕೆಂಡಿಗೆ 12.5 ಮೆಗಾಬೈಟ್, ನಿಮಿಷಕ್ಕೆ 750 ಮೆಗಾಬೈಟ್, ಗಂಟೆಗೆ 45 ಗಿಗಾಬೈಟ್ ಆಯಿತು. ಒಂಬತ್ತು ಗಂಟೆಗೆ 405 ಗಿಗಾಬೈಟ್. ಒಂದು ಕ್ಯಾಮೆರಾ ಭಾಗವತರ ಕಡೆಗೆ, ಇನ್ನೊಂದು ಇಡೀ ರಂಗಸ್ಥಳಕ್ಕೆ ಎಂದು ಎರಡು ಇಟ್ಟರೆ 810 ಗಿಗಾಬೈಟ್.

ಅಂಗಡಿಯಿಂದ ತಂದ ಒಂದು ಟೆರಾಬೈಟಿನ ಹಾರ್ಡ್ ಡಿಸ್ಕು ಒಂದೇ ರಾತ್ರಿಯಲ್ಲಿ ಬಹುಪಾಲು ತುಂಬಿತೆಂದೇ ಅರ್ಥ. ಆ ಡಿಸ್ಕನ್ನು ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿದರೆ ಸುಮಾರು 931 ಗಿಗಾಬೈಟ್ ಎಂದು ಮಾತ್ರ ತೋರಿಸುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೇ. ದೀಪಾವಳಿಯ ಅನಂತರ ತಿರುಗಾಟಕ್ಕೆ ಹೊರಟ ಮೇಳ ಪತ್ತನಾಜೆಗೆ ಗೆಜ್ಜೆ ಬಿಚ್ಚುವುದರೊಳಗೆ ಇಂಥ 20 ರಾತ್ರಿಗಳನ್ನು ಚಿತ್ರೀಕರಿಸಿದರೆ 16 ಟೆರಾಬೈಟಿಗಿಂತ ಹೆಚ್ಚಾಯಿತು. ಪ್ರತಿಯೊಂದಕ್ಕೂ ಇನ್ನೊಂದು ಪ್ರತಿ ಬೇಕೆಂದರೆ 32 ಟೆರಾಬೈಟ್. ಮನೆಯಿಂದಲೇ ಕೆಲಸ ಮಾಡುವ ಒಬ್ಬ ವ್ಯಕ್ತಿಗೆ ಇದು ಸುಲಭದ ಮಾತಲ್ಲ.

ಹಾಗಾದರೆ ಎಲ್ಲವನ್ನೂ ಯೂಟ್ಯೂಬಿಗೆ ಏರಿಸಿ ಮೂಲವನ್ನು ಅಳಿಸಿದರೆ ಆಯಿತಲ್ಲ ಎಂದು ಅನೇಕರು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರವನ್ನು ಚಂದ್ರಲೋಕದಿಂದಲೇ ತರಬಹುದು. 1969ರ ಜುಲೈನಲ್ಲಿ ಅಪೋಲೋ 11ರ ಯಾತ್ರಿಗಳು ಚಂದ್ರನ ಮೇಲೆ ಕಾಲಿಟ್ಟಾಗ ಅಲ್ಲಿಂದ ಬಂದ ಚಿತ್ರ ಸೆಕೆಂಡಿಗೆ 10 ಚೌಕಟ್ಟುಗಳದ್ದು. ಟೆಲಿವಿಷನ್ನಿನಲ್ಲಿ ಪ್ರಸಾರ ಮಾಡಲು ಅದನ್ನು ಬೇರೆ ರೂಪಕ್ಕೆ ಪರಿವರ್ತಿಸಬೇಕಾಯಿತು. ಆ ಪರಿವರ್ತನೆಯಲ್ಲಿ ಚಿತ್ರದ ಸ್ಪಷ್ಟತೆ ಕುಂದಿತು. ಜಗತ್ತು ನೋಡಿದ್ದು ಈ ಕುಂದಿದ ಚಿತ್ರವನ್ನು. ಮೂಲ ಸಂಕೇತ ನಾಸಾದ ಟೇಪುಗಳಲ್ಲಿ ಬೇರೆಯಾಗಿ ದಾಖಲಾಗಿತ್ತು. ಮುಂದೆ ಟೇಪುಗಳ ಕೊರತೆ ಬಂದಾಗ ಅಂಥ ಟೇಪುಗಳನ್ನು ಅಳಿಸಿ ಮತ್ತೆ ಬಳಸಲಾಯಿತು. ವರ್ಷಗಳ ಕಾಲ ಹುಡುಕಿದ ಮೇಲೆ, ಅಪೋಲೋದ ಮೂಲ ಚಿತ್ರವೂ ಹೀಗೆಯೇ ಅಳಿಸಿಹೋಗಿರಬೇಕೆಂದು 2009ರಲ್ಲಿ ನಾಸಾ ತಿಳಿಸಿತು. ಉಳಿದದ್ದು ಟೆಲಿವಿಷನ್ ಸಂಸ್ಥೆಗಳ ಬಳಿಯಿದ್ದ ಪ್ರಸಾರದ ಪ್ರತಿಗಳು ಮಾತ್ರ.

ಮೂಲವನ್ನು ಅಳಿಸಿ ಯೂಟ್ಯೂಬಿನ ಪ್ರತಿಯನ್ನೇ ನಂಬಿದಾಗ ನಡೆಯುವುದೂ ಇದೇ. ನಾವು ಏರಿಸಿದ ಕಡತವನ್ನು ಯೂಟ್ಯೂಬ್ ನೋಡುಗರಿಗೆ ಹಾಗೆಯೇ ತೋರಿಸುವುದಿಲ್ಲ. ಅದನ್ನು ಮತ್ತೆ ಸಂಕುಚಿಸಿ, ಬೇರೆ ಬೇರೆ ಗಾತ್ರದ ಪ್ರತಿಗಳನ್ನು ಮಾಡಿಕೊಳ್ಳುತ್ತದೆ. ಸಂಕುಚನ ಎಂದರೆ ಸ್ಥೂಲವಾಗಿ ಇಷ್ಟು: ಒಂದು ಚೌಕಟ್ಟಿಗೂ ಮುಂದಿನದಕ್ಕೂ ಏನು ಬದಲಾಯಿತೋ ಅದನ್ನು ಮಾತ್ರ ಬರೆದಿಟ್ಟು, ಕಣ್ಣಿಗೆ ಅಷ್ಟಾಗಿ ತಿಳಿಯದ ವಿವರಗಳನ್ನು ಕೈಬಿಡುವುದು. ಕುಳಿತು ಹಾಡುವ ಭಾಗವತರ ಚಿತ್ರಕ್ಕೆ ಕಡಿಮೆ ಜಾಗ ಸಾಕು. ಬಣ್ಣದ ವೇಷ ತಿರುಗಿ ತಿರುಗಿ ಕುಣಿಯುವಾಗ ಕಿರೀಟ, ಭುಜಕೀರ್ತಿಗಳ ಹೊಳಪೆಲ್ಲ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಹೆಚ್ಚು ಜಾಗ ಬೇಕು. ಅಷ್ಟು ಜಾಗ ಸಿಗದಿದ್ದರೆ ಆ ವಿವರಗಳೇ ಕಲಸಿಹೋಗುತ್ತವೆ. ಜೆರಾಕ್ಸಿನ ಜೆರಾಕ್ಸ್ ತೆಗೆದಂತೆ, ಪ್ರತಿ ಸಲದ ಸಂಕುಚನದಲ್ಲೂ ಸ್ವಲ್ಪ ಸ್ವಲ್ಪ ನಷ್ಟ. ಯೂಟ್ಯೂಬ್ ಸ್ಟುಡಿಯೋದಿಂದ ನಮ್ಮದೇ ಚಿತ್ರವನ್ನು ನೇರವಾಗಿ ಇಳಿಸಿಕೊಂಡರೆ ಸಿಗುವುದು 720 ಅಥವಾ 360 ಸಾಲುಗಳ ಪ್ರತಿ. ನಾವು ಕೊಟ್ಟದ್ದು 4ಕೆ ಆಗಿದ್ದರೂ ಅಷ್ಟೇ.

ಇನ್ನೊಂದು ಮಾತನ್ನೂ ಮರೆಯಬಾರದು. ಅಂತರ್ಜಾಲದ ತಾಣಗಳು ನಮ್ಮ ಉಗ್ರಾಣಗಳಲ್ಲ. ಒಂದು ಕಾಲಕ್ಕೆ ಬಹಳ ಜನಪ್ರಿಯವಾಗಿದ್ದ ಮೈಸ್ಪೇಸ್ ಎಂಬ ತಾಣಕ್ಕೆ ಸಂಗೀತಗಾರರು ತಮ್ಮ ಹಾಡುಗಳನ್ನು ಏರಿಸುತ್ತಿದ್ದರು. 2015ರವರೆಗೆ ಹಾಗೆ ಏರಿಸಿದ ಹಾಡುಗಳು ಸರ್ವರ್ ಬದಲಾಯಿಸುವಾಗ ನಾಶವಾದುವೆಂದು 2019ರಲ್ಲಿ ಗೊತ್ತಾಯಿತು. ಬೇರೆಲ್ಲೂ ಪ್ರತಿ ಇಡದವರಿಗೆ ಆ ಹಾಡುಗಳು ಹೋದವೇ ಸರಿ. 'ಕ್ಲೌಡ್' ಎಂದರೆ ಆಕಾಶದ ಮೋಡವಲ್ಲ. ಎಲ್ಲೋ ಒಂದೆಡೆ ಇರುವ ಕಟ್ಟಡ, ಅದರೊಳಗಿನ ಡಿಸ್ಕುಗಳು. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಅಂಥದೊಂದು ಕಟ್ಟಡ ಸುಟ್ಟುಹೋದಾಗ, ಬೇರೆ ಕಡೆ ಪ್ರತಿ ಇಲ್ಲದವರು ತಮ್ಮ ಮಾಹಿತಿಯನ್ನು ಕಳೆದುಕೊಂಡರು.

ಎಲ್ಲವನ್ನೂ ಇಡಲು ಹಣ ಸಾಲದು, ಎಲ್ಲವನ್ನೂ ಅಳಿಸಲು ಮನಸ್ಸು ಒಪ್ಪದು. ಇದಕ್ಕೆ ಇರುವ ದಾರಿ ವಿಂಗಡಣೆ. ಟೇಪುಗಳ ಕಾಲದಲ್ಲಿ ಟೆಲಿವಿಷನ್ ಕೇಂದ್ರಗಳಲ್ಲಿ ಈ ಪ್ರಶ್ನೆ ದಿನವೂ ಏಳುತ್ತಿತ್ತು. ಟೇಪು ದುಬಾರಿಯಾದ್ದರಿಂದ ಒಂದನ್ನೇ ಮತ್ತೆ ಮತ್ತೆ ಬಳಸುವುದು ಅನಿವಾರ್ಯವಾಗಿತ್ತು. ಏನನ್ನು ಉಳಿಸಬೇಕೆಂದು ಮೊದಲೇ ಯೋಚಿಸದ ಕಡೆ ಅಮೂಲ್ಯವಾದುವೂ ಹೋದವು. ಬ್ರಿಟನ್ನಿನ ಬಿ.ಬಿ.ಸಿ.ಯಲ್ಲಿ 'ಡಾಕ್ಟರ್ ಹೂ' ಧಾರಾವಾಹಿಯ 1960ರ ದಶಕದ ಅನೇಕ ಕಂತುಗಳು ಇಲ್ಲವಾದದ್ದು ಹೀಗೆಯೇ. ಡಿಸ್ಕಿನ ಬೆಲೆ ಇಳಿದಿರಬಹುದು, ಪ್ರಶ್ನೆ ಮಾತ್ರ ಬದಲಾಗಿಲ್ಲ. ವಿಂಗಡಣೆಗೆ ಒಂದೇ ಅಳತೆಗೋಲು ಸಾಕು: 'ಇದನ್ನು ಮತ್ತೆ ಪಡೆಯಬಹುದೇ?'

ಇದರ ಪ್ರಕಾರ ನಮ್ಮ ಕಡತಗಳಲ್ಲಿ ಮೂರು ರಾಶಿಗಳಾಗುತ್ತವೆ.

ಮೊದಲನೆಯದು, ಕಂಪ್ಯೂಟರು ತಾನೇ ಮತ್ತೆ ಮಾಡಿಕೊಡಬಲ್ಲದ್ದು. ಸಂಕಲನದ ತಂತ್ರಾಂಶಗಳು ಕೆಲಸ ಸಲೀಸಾಗಲೆಂದು ಕ್ಯಾಶ್, ಪ್ರಾಕ್ಸಿ, ಪ್ರಿವ್ಯೂ ಮುಂತಾದ ಹೆಸರುಗಳಲ್ಲಿ ತಾತ್ಕಾಲಿಕ ಕಡತಗಳನ್ನು ಸೃಷ್ಟಿಸಿಕೊಳ್ಳುತ್ತವೆ. ಕೆಲಸ ಮುಗಿದ ಮೇಲೂ ಅವು ಡಿಸ್ಕಿನಲ್ಲೇ ಕುಳಿತಿರುತ್ತವೆ. ಮೂಲ ಚಿತ್ರ ಮತ್ತು ಸಂಕಲನದ ಪ್ರಾಜೆಕ್ಟ್ ಕಡತ ಇದ್ದರೆ ಇವನ್ನು ಬೇಕಾದಾಗ ಮತ್ತೆ ಪಡೆಯಬಹುದು. 'ಜಾಗವಿಲ್ಲ' ಎಂಬ ಸೂಚನೆ ಬಂದರೆ ಮೊದಲು ಕೈಹಾಕಬೇಕಾದದ್ದು ಇಲ್ಲಿಗೆ. ಆದರೆ ತಂತ್ರಾಂಶದ ಒಳಗಿರುವ ಆಯ್ಕೆಯಿಂದಲೇ ಇವನ್ನು ಅಳಿಸಬೇಕು. ಫೋಲ್ಡರಿನೊಳಗೆ ಹೋಗಿ ಊಹೆಯ ಮೇಲೆ ಅಳಿಸಬಾರದು.

ಎರಡನೆಯದು, ಶ್ರಮಪಟ್ಟರೆ ಮತ್ತೆ ಚಿತ್ರೀಕರಿಸಬಹುದಾದದ್ದು. ಗೊಜ್ಜವಲಕ್ಕಿ ಮಾಡುವ ವಿಧಾನ, ಹೊಸ ಫೋನಿನ ಪರಿಚಯ, ನಿರೂಪಕರು ತಪ್ಪಿ ಮತ್ತೆ ಹೇಳಿದ ಮಾತುಗಳು, ಇವೆಲ್ಲ ಈ ರಾಶಿಗೆ ಸೇರುತ್ತವೆ. ಕಾರ್ಯಕ್ರಮ ಸಿದ್ಧವಾಗಿ ಮೂರು ತಿಂಗಳೋ ಆರು ತಿಂಗಳೋ ಕಳೆದ ಮೇಲೆ ಇವುಗಳ ಮೂಲವನ್ನು ಅಳಿಸಬಹುದು. ಆದರೆ ಸಿದ್ಧ ಕಾರ್ಯಕ್ರಮದ ಉತ್ತಮ ದರ್ಜೆಯ ಪ್ರತಿಯೊಂದನ್ನು ತಮ್ಮಲ್ಲೇ ಇಟ್ಟುಕೊಳ್ಳಬೇಕು. ಯೂಟ್ಯೂಬಿಗೆ ಏರಿಸುವ ಸಾಮಾನ್ಯ ಹೈ ಡೆಫಿನಿಷನ್ ಚಿತ್ರಕ್ಕೆ ಸೆಕೆಂಡಿಗೆ 8 ಮೆಗಾಬಿಟ್ ಎಂಬ ಲೆಕ್ಕ ಹಿಡಿದರೆ 10 ನಿಮಿಷದ ಕಾರ್ಯಕ್ರಮ 600 ಮೆಗಾಬೈಟ್ ಮಾತ್ರ. ಅದರ ಎರಡರಷ್ಟು, ಮೂರರಷ್ಟು ದರ್ಜೆಯಲ್ಲಿ ಇಟ್ಟರೂ ಹೊರೆಯಾಗುವುದಿಲ್ಲ.

ಮೂರನೆಯದು, ಎಷ್ಟು ಹಣ ಕೊಟ್ಟರೂ ಮತ್ತೆ ಸಿಗದ್ದು. ಹಿರಿಯ ಕಲಾವಿದರ ವೇಷ, ಊರಿನ ಕೊನೆಯ ನೇಕಾರರ ಮಾತು, ಅಜ್ಜಿ ಹೇಳಿದ ಸೋಬಾನೆ ಪದ ಇಂಥವು. ಬಡಗುತಿಟ್ಟಿನ ಭಾಗವತ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಇನ್ನೂ ಚಿಕ್ಕ ವಯಸ್ಸಿನವರು. ಅವರನ್ನು ಕಂಡೇ ಇರದ ಪೀಳಿಗೆ ಇಂದು ಅವರ ಪದ್ಯಗಳನ್ನು ಕೇಳುತ್ತಿದ್ದರೆ ಅದಕ್ಕೆ ಕಾರಣ ಯಾರೋ ಧ್ವನಿಮುದ್ರಿಸಿದ, ಯಾರೋ ಜೋಪಾನ ಮಾಡಿದ ಕ್ಯಾಸೆಟ್ಟುಗಳು. ಮುದ್ರಿಸಿಕೊಂಡವರಿಗೆ ಮುಂದೆ ಆಗಲಿರುವುದು ಗೊತ್ತಿರಲಿಲ್ಲ. ನಿನ್ನೆ ರಾತ್ರಿ ನೀವು ಚಿತ್ರೀಕರಿಸಿದ ಆಟದಲ್ಲಿ ಮುಂದೆ ಯಾವುದು ಅಪರೂಪವಾದೀತೆಂದು ಇಂದು ಯಾರೂ ಹೇಳಲಾರರು. ಆದ್ದರಿಂದ ಈ ರಾಶಿಯ ಮೂಲವನ್ನು ಅಳಿಸಬಾರದು.

ಅಷ್ಟೊಂದು ಟೆರಾಬೈಟುಗಳನ್ನು ಎಲ್ಲಿಂದ ತರುವುದು ಎಂದು ಕೇಳಬಹುದು. ಉಳಿತಾಯ ಚಿತ್ರೀಕರಣಕ್ಕೆ ಮೊದಲೇ ಆರಂಭವಾಗಬೇಕು. ಅಲುಗಾಡದೆ ನಿಂತು ಇಡೀ ರಂಗಸ್ಥಳವನ್ನು ದಾಖಲಿಸುವ ಕ್ಯಾಮೆರಾವನ್ನು ಹೈ ಡೆಫಿನಿಷನ್ನಿನಲ್ಲಿ, ಸೆಕೆಂಡಿಗೆ 50 ಮೆಗಾಬಿಟ್‌ನಲ್ಲಿ ಇಟ್ಟರೆ ಅದರ ಗಾತ್ರ 405ರಿಂದ ಸುಮಾರು 200 ಗಿಗಾಬೈಟಿಗೆ ಇಳಿಯುತ್ತದೆ. ಕ್ಯಾಮೆರಾದಲ್ಲಿ ಹೆಚ್.265 ಎಂಬ ಸಂಕುಚನ ವಿಧಾನವಿದ್ದರೆ ಅದನ್ನು ಆರಿಸಿಕೊಳ್ಳಬಹುದು. 2013ರಲ್ಲಿ ಬಂದ ಈ ವಿಧಾನ, ಹಿಂದಿನ ಹೆಚ್.264ರ ಸುಮಾರು ಅರ್ಧ ಜಾಗದಲ್ಲಿ ಅದೇ ದರ್ಜೆಯ ಚಿತ್ರವನ್ನು ಕೊಡಬಲ್ಲದು. ಹಳೆಯ ಕಂಪ್ಯೂಟರುಗಳಲ್ಲಿ ಇದರ ಸಂಕಲನ ನಿಧಾನ ಎಂಬುದೊಂದೇ ತೊಡಕು.

ಇನ್ನು ಇಡುವ ಕ್ರಮ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ '3-2-1' ಎಂಬ ಸೂತ್ರ ಇದಕ್ಕೆ ಸಾಕು. ಒಟ್ಟು ಮೂರು ಪ್ರತಿಗಳು. ಅವು ಎರಡು ಬಗೆಯ ಸಾಧನಗಳಲ್ಲಿ. ಅವುಗಳಲ್ಲಿ ಒಂದು ಬೇರೆ ಸ್ಥಳದಲ್ಲಿ. ಎಲ್ಲಕ್ಕೂ ಮೂರು ಮಾಡಲಾಗದಿದ್ದರೆ ಮೂರನೆಯ ರಾಶಿಗಾದರೂ ಮಾಡಬೇಕು. ಒಂದು ಡಿಸ್ಕು ಮನೆಯಲ್ಲಿ, ಒಂದು ಬೇರೆ ಊರಿನ ಅಣ್ಣನ ಅಥವಾ ಸ್ನೇಹಿತರ ಮನೆಯಲ್ಲಿ ಇದ್ದರೂ ಆದೀತು. ಮನೆಗೆ ನೀರು ನುಗ್ಗಿದರೆ, ಕಳ್ಳತನವಾದರೆ ಒಂದೇ ಕಪಾಟಿನಲ್ಲಿಟ್ಟ ಎರಡು ಪ್ರತಿಗಳು ಒಂದೇ ಪ್ರತಿಗೆ ಸಮ.

ವರ್ಷಗಟ್ಟಲೆ ಸುಮ್ಮನೆ ಇಡುವುದಕ್ಕೆ ತಿರುಗುವ ಹಾರ್ಡ್ ಡಿಸ್ಕು ವಾಸಿ. ಎಸ್.ಎಸ್.ಡಿ. ವೇಗದ್ದು, ಸಂಕಲನಕ್ಕೆ ಒಳ್ಳೆಯದು. ಆದರೆ ಅದರಲ್ಲಿ ಮಾಹಿತಿ ವಿದ್ಯುತ್ ಆವೇಶದ ರೂಪದಲ್ಲಿ ಇರುವುದರಿಂದ, ವಿದ್ಯುತ್ ಸಂಪರ್ಕವಿಲ್ಲದೆ ದೀರ್ಘಕಾಲ ಇಟ್ಟರೆ ಆ ಆವೇಶ ಸೋರಿಹೋಗಬಹುದು. ಹಾರ್ಡ್ ಡಿಸ್ಕೂ ಚಿರಂಜೀವಿಯಲ್ಲ. ವರ್ಷಕ್ಕೆ ಒಂದೆರಡು ಸಲವಾದರೂ ಅದನ್ನು ಜೋಡಿಸಿ, ಕೆಲವು ಕಡತಗಳನ್ನು ತೆರೆದು ನೋಡಬೇಕು. ಪರೀಕ್ಷಿಸದ ಪ್ರತಿ ಇದ್ದೂ ಇಲ್ಲದಂತೆ. 1998ರಲ್ಲಿ 'ಟಾಯ್ ಸ್ಟೋರಿ 2' ಚಿತ್ರದ ಕಡತಗಳು ಒಂದು ತಪ್ಪು ಆಜ್ಞೆಯಿಂದ ಅಳಿಸಿಹೋದಾಗ, ಪಿಕ್ಸಾರ್ ಸಂಸ್ಥೆಯ ಮೀಸಲು ಪ್ರತಿ ಸರಿಯಾಗಿ ದಾಖಲಾಗಿಯೇ ಇಲ್ಲ ಎಂಬುದು ಆಮೇಲೆ ತಿಳಿಯಿತು. ತಂಡದ ಗೇಲಿನ್ ಸುಸ್ಮನ್ ಅವರ ಮನೆಯ ಕಂಪ್ಯೂಟರಿನಲ್ಲಿದ್ದ ಒಂದು ಪ್ರತಿ ಚಿತ್ರವನ್ನು ಕಾಪಾಡಿತು.

ಕೊನೆಯದಾಗಿ, ದಿನನಿತ್ಯ ಪಾಲಿಸಬೇಕಾದ ಎರಡು ನಿಯಮಗಳು. ಚಿತ್ರೀಕರಣ ಮುಗಿದ ದಿನವೇ ಎರಡು ಕಡೆ ಪ್ರತಿ ಮಾಡಿ, ಎರಡನ್ನೂ ತೆರೆದು ನೋಡುವವರೆಗೆ ಕ್ಯಾಮೆರಾದ ಕಾರ್ಡನ್ನು ಖಾಲಿ ಮಾಡಕೂಡದು. ಎರಡನೆಯದು ಹೆಸರು. ಕ್ಯಾಮೆರಾ ಕೊಟ್ಟ ಅಂಕಿಗಳ ಹೆಸರಿನಿಂದ ಐದು ವರ್ಷಗಳ ಮೇಲೆ ಏನೂ ಗೊತ್ತಾಗದು. ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಬಳಿಕ ಊರು, ಮೇಳ, ಪ್ರಸಂಗ ಎಂದು ಫೋಲ್ಡರಿಗೆ ಹೆಸರಿಟ್ಟರೆ ಅವು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಭಾಗವತರು ಯಾರು, ಮದ್ದಳೆ ಚೆಂಡೆ ಯಾರದು, ಯಾವ ಪಾತ್ರ ಯಾರದು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಯಾವ ಡಿಸ್ಕಿನಲ್ಲಿದೆ ಎಂಬುದನ್ನೂ ಸೇರಿಸಿ. ಹುಡುಕಿದರೆ ಸಿಗದ ಕಡತ ಅಳಿಸಿದ ಕಡತಕ್ಕಿಂತ ಉತ್ತಮವೇನಲ್ಲ.

ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡು ನಿಮ್ಮ ಡಿಸ್ಕುಗಳನ್ನು ತೆರೆದು ನೋಡಿ. ಮತ್ತೆ ಸಿಗದಂಥ ಚಿತ್ರಗಳು ಯಾವುವು, ಅವುಗಳಲ್ಲಿ ಒಂದೇ ಪ್ರತಿ ಇರುವುದು ಯಾವುದಕ್ಕೆ ಎಂದು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ಮುಂದಿನ ಡಿಸ್ಕು ಕೊಳ್ಳುವುದು ಆ ಪಟ್ಟಿಗಾಗಿ ಇರಲಿ.