ಕುಡಿದು ಓಡಿಸಿದ ಕೇಸು ಮತ್ತು ವಕೀಲರ ಓದು



ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಕುಡಿದು ವಾಹನ ಓಡಿಸಿದ ಪ್ರಕರಣವನ್ನು ಸಣ್ಣ ಕೇಸೆಂದು ಎಣಿಸುವ ವಕೀಲ ಮಿತ್ರರು ಇಂದಿಗೂ ಇದ್ದಾರೆ. "ತಪ್ಪಾತು ಅಂತ ಒಪ್ಕೋರಿ, ದಂಡ ಕಟ್ಟಿ ಮನೀಗೆ ನಡೀರಿ" ಎಂಬುದೇ ಕಕ್ಷಿದಾರನಿಗೆ ಅವರು ಕೊಡುವ ಸಲಹೆ.

ಈ ಸಲಹೆ ಈಗ ಹಳೆಯದಾಗಿದೆ. ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನಲ್ಲಿ ಮೊದಲ ತಪ್ಪಿಗೆ ದಂಡ 2,000 ರೂಪಾಯಿ ಮೀರುತ್ತಿರಲಿಲ್ಲ. 2019ರ ತಿದ್ದುಪಡಿ ಅದನ್ನು 10,000ಕ್ಕೆ ಏರಿಸಿತು. ಎರಡನೆಯ ಸಲವಾದರೆ 15,000 ದಂಡ, ಅಥವಾ ಎರಡು ವರ್ಷದವರೆಗೆ ಸೆರೆವಾಸ, ಅಥವಾ ಎರಡೂ. ಮೊದಲು, ಮೂರು ವರ್ಷದೊಳಗೆ ಮತ್ತೆ ಮಾಡಿದರೆ ಮಾತ್ರ ಅದು ಎರಡನೆಯ ತಪ್ಪು ಎನಿಸುತ್ತಿತ್ತು. ಆ ಮಾತನ್ನೇ ತೆಗೆದುಹಾಕಲಾಗಿದೆ. ಟಂಟಂ ಓಡಿಸಿ ಹೊಟ್ಟೆ ಹೊರೆಯುವವನು ಇಂದು ಅವಸರದಲ್ಲಿ ಒಪ್ಪಿಕೊಂಡದ್ದು ಎಷ್ಟೋ ವರ್ಷಗಳ ನಂತರವೂ ಅವನ ಬೆನ್ನು ಬಿಡದು.

ಕುಡುಕನ ಪರ ವಾದವೇ ಎಂದು ನೀವು ಕೇಳಬಹುದು. ಕುಡಿದು ಗಾಡಿ ಹತ್ತುವವನ ಮೇಲೆ ನನಗೂ ಕನಿಕರವಿಲ್ಲ. ಆದರೆ ಕುಡಿದಿದ್ದನೆಂದು ರುಜುವಾತಾಗಬೇಕಲ್ಲ! 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ಮೀರಿರಬೇಕು. ವಾರಂಟಿಲ್ಲದೆ ಬಂಧಿಸಿದರೆ ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರ ಪರೀಕ್ಷೆಯಾಗಬೇಕು, ಇಲ್ಲವಾದರೆ ಬಿಡುಗಡೆ ಮಾಡಬೇಕು ಎನ್ನುತ್ತದೆ 202ನೆಯ ಕಲಮು. ರಾತ್ರಿ ಹಿರೇಕೆರೂರಿನ ಹಳ್ಳಿಯೊಂದರಲ್ಲಿ ಹಿಡಿದವನ ವಿಷಯದಲ್ಲಿ ಆ ಎರಡು ಗಂಟೆಯ ಲೆಕ್ಕವನ್ನು ವಕೀಲರು ಕೇಳದಿದ್ದರೆ ಬೇರೆ ಯಾರು ಕೇಳುತ್ತಾರೆ?

ಇನ್ನು ತೀರ್ಪುಗಳ ಮಾತು. ಬಾಯಿವಾಸನೆ, ತೂರಾಟ, ತೊದಲು ಮಾತು ಇಷ್ಟರಿಂದಲೇ ಕುಡಿದನೆನ್ನಲಾಗದು ಎಂದು 1971ರಲ್ಲಿ ಬಚುಭಾಯಿ ಕಾರ್ಯಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇದೊಂದನ್ನೇ ನೆಚ್ಚಿದ ವಕೀಲರು ವಿಮೆಯ ಕೇಸಿನಲ್ಲಿ ಎಡವುತ್ತಾರೆ. ಏಕೆಂದರೆ 2021ರಲ್ಲಿ ಪರ್ಲ್ ಬೆವರೇಜಸ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಉಸಿರಿನ ಅಥವಾ ರಕ್ತದ ಪರೀಕ್ಷೆಯಾಗದಿದ್ದರೂ ಚಾಲಕ ಮದ್ಯದ ಅಮಲಿನಲ್ಲಿದ್ದನೆಂದು ವಿಮಾ ಕಂಪನಿ ಬೇರೆ ಸಾಕ್ಷ್ಯದಿಂದ ತೋರಿಸಬಹುದು ಎಂದಿತು. ಒಂದು ಶಿಕ್ಷೆಯ ಪ್ರಶ್ನೆ, ಇನ್ನೊಂದು ಪರಿಹಾರದ ಪ್ರಶ್ನೆ. ರುಜುವಾತಿನ ಅಳತೆಯೂ ಬೇರೆ ಬೇರೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು, ಅಜಾಗರೂಕ ಚಾಲನೆಯ 279ನೆಯ ಕಲಮು 281 ಆಗಿದೆ. ಸಾಕ್ಷ್ಯದ ಕಾಯ್ದೆಯೂ ಹೊಸದು. ಹಳೆಯ ಟಿಪ್ಪಣಿ ಪುಸ್ತಕವನ್ನು ಬದಿಗಿಡಲೇಬೇಕು.

ಹಿಂದೆ ತೀರ್ಪೊಂದನ್ನು ಓದಬೇಕಾದರೆ ದೊಡ್ಡ ಊರಿನ ಗ್ರಂಥಾಲಯಕ್ಕೆ ಬಸ್ಸು ಹತ್ತಬೇಕಿತ್ತು. 2023ರಿಂದ ಸುಪ್ರೀಂ ಕೋರ್ಟಿನ ವರದಿಗಳು ಗಣಕಯಂತ್ರದಲ್ಲಿ ಉಚಿತವಾಗಿ ಸಿಗುತ್ತಿವೆ. ಕೆಲವು ತೀರ್ಪುಗಳ ಕನ್ನಡ ಅನುವಾದವೂ ಇದೆ. ಕಾಗದದಲ್ಲಿ ಸಿಗದ ವಿದ್ಯೆಯೂ ಒಂದಿದೆ: ರಕ್ತದ ಮಾದರಿಯನ್ನು ಹೇಗೆ ತೆಗೆಯುತ್ತಾರೆ, ಹೇಗೆ ಮೊಹರು ಮಾಡುತ್ತಾರೆ, ಉಸಿರಿನ ಯಂತ್ರವನ್ನು ಯಾವಾಗ ಸರಿನೋಡಿದ್ದರು ಎಂಬುದು. ಈ ನಾಲ್ಕೂ ಊರುಗಳ ವಕೀಲರು ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಒಂದು ಶನಿವಾರ ಸಂಜೆ ತಮ್ಮ ಸಂಘದ ಕೋಣೆಗೆ ಕರೆದು, ಚಹ ಕೊಟ್ಟು, ಇದನ್ನೆಲ್ಲ ಕೇಳಿ ತಿಳಿಯಬಹುದು.