ಬಾಡಿಗೆ ಬರ್ತದೆ ಎಂದು ಎಣಿಸುವ ಮೊದಲು
(ಸಂಘದ ರಜತ ಮಹೋತ್ಸವ ಪ್ರಯುಕ್ತ ನಡೆದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ದೊಡ್ಡ ಭಾಷಣಕಾರರಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಗದ್ದೆಗೆ ಇಳಿದವರು. ಆದರೆ ಸಂಘ ಇಪ್ಪತ್ತೈದು ವರ್ಷ ಪೂರೈಸಿದ ಈ ಶುಭ ಸಂದರ್ಭದಲ್ಲಿ ಒಂದು ವಿಷಯ ಹೇಳದೆ ಹೋದರೆ ನಿರ್ದೇಶಕರಾಗಿ ನಮ್ಮ ಕರ್ತವ್ಯ ಮಾಡಿದ ಹಾಗಾಗುವುದಿಲ್ಲ.

ಹಿಂದೆ ಸಾಲ ಕೇಳಲು ಬರುವವರು ಪಂಪ್‌ಸೆಟ್ಟಿಗೆ, ದನಕ್ಕೆ, ಅಡಿಕೆ ತೋಟಕ್ಕೆ ಎಂದು ಬರುತ್ತಿದ್ದರು. ಈಗ ಹೊಸ ಮಾತು ಕೇಳಿ ಬರ್ತಾ ಉಂಟು: "ಮಣಿಪಾಲದಲ್ಲಿ ಒಂದು ಫ್ಲ್ಯಾಟ್ ತೆಗೀತೇವೆ, ಬಾಡಿಗೆಯಲ್ಲೇ ಕಂತು ಹೋಗ್ತದೆ." ಅಡವಿಗೆ ಇಡುವುದು ಏನನ್ನು? ಗದ್ದೆಯನ್ನು. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಆ ಗದ್ದೆ 1974ರ ಭೂಸುಧಾರಣೆ ಕಾನೂನಿನಲ್ಲಿ, ಹಿರಿಯರು ಡಿಕ್ಲರೇಶನ್ ಕೊಟ್ಟು ಪಡೆದದ್ದು. ಅದಕ್ಕೆ ಮೊದಲು ಗೇಣಿ ಅಳೆದು ಬೆನ್ನು ಬಗ್ಗಿದವರು ಅವರು. ಅಂಥ ಜಾಗವನ್ನು ಅಡವಿಗೆ ಇಡುವ ಮೊದಲು ಲೆಕ್ಕ ಸರಿ ಉಂಟೋ ಎಂದು ನೋಡಬೇಕೋ ಬೇಡವೋ?

ಬಾಡಿಗೆ ವ್ಯವಹಾರ ಕೆಟ್ಟದ್ದು ಎಂದು ನಾವು ಹೇಳುವುದಿಲ್ಲ. ಮಣಿಪಾಲ ಒಂದು ಕಾಲಕ್ಕೆ ಬೋಳು ಗುಡ್ಡೆ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಕೆ.ಎಂ.ಸಿ. ಸ್ಥಾಪಿಸಿದ ಮೇಲೆ ಅಲ್ಲಿಗೆ ದೇಶ ವಿದೇಶದ ವಿದ್ಯಾರ್ಥಿಗಳು ಬಂದರು. ಕಾರ್ಕಳದ ನಿಟ್ಟೆಗೆ 1986ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂತು. ಇದರಿಂದ ಬದುಕು ಕಟ್ಟಿಕೊಂಡವರು ಇದ್ದಾರೆ. ಆದರೆ ಅವರನ್ನು ನೋಡಿ ಎಲ್ಲರೂ ಹೊರಟರೆ ಆಗ್ತದೆಯೇ?

ಒಂದು ಲೆಕ್ಕ ಮಾಡುವ. ಅಂಕಿ ಉದಾಹರಣೆಗೆ ಮಾತ್ರ. 30 ಲಕ್ಷದ ಫ್ಲ್ಯಾಟ್, ಅದರಲ್ಲಿ 20 ಲಕ್ಷ ಸಾಲ. ತಿಂಗಳ ಬಾಡಿಗೆ 12,000. ವರ್ಷಕ್ಕೆ 1,44,000 ಆಯಿತು. ಎರಡು ತಿಂಗಳು ಖಾಲಿ ಬಿದ್ದರೆ 24,000 ಹೋಯಿತು. ಮೈಂಟೆನೆನ್ಸ್ ತಿಂಗಳಿಗೆ 1,500ರಂತೆ 18,000. ತೆರಿಗೆ, ರಿಪೇರಿ, ಬಣ್ಣ ಸೇರಿ 12,000. ಉಳಿದದ್ದು 90,000, ಅಂದರೆ ತಿಂಗಳಿಗೆ 7,500. ಸಾಲಕ್ಕೆ ಶೇಕಡಾ 9ರ ಬಡ್ಡಿ, 20 ವರ್ಷದ ಅವಧಿ ಎಂದು ಹಿಡಿದರೆ ಕಂತು ಸುಮಾರು 18,000. ಬಾಕಿ 10,500 ಎಲ್ಲಿಂದ ಬರಬೇಕು ಮಾರಾಯ್ರೆ? ಅಡಿಕೆಯಿಂದ, ಹಾಲಿನಿಂದ, ಇಲ್ಲವೇ ಬೊಂಬಾಯಿಯಲ್ಲಿ ದುಡಿಯುವ ಮಗನಿಂದ. ಇನ್ನೊಂದು ನೆನಪಿರಲಿ. ಬಾಡಿಗೆಯವರ ಕರಾರು ಸಾಧಾರಣ 11 ತಿಂಗಳದ್ದು. ನಮ್ಮ ಕಂತು 240 ತಿಂಗಳದ್ದು.

"ವಿದ್ಯಾರ್ಥಿಗಳು ಯಾವಾಗಲೂ ಇರ್ತಾರೆ" ಎನ್ನುವುದು ಎಲ್ಲರ ಎಣಿಕೆ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂತು. ಮಕ್ಕಳು ಊರಿಗೆ ಹೋದರು, ಪಾಠ ಮೊಬೈಲಿಗೆ ಬಂತು, ರೂಮುಗಳಿಗೆ ಬೀಗ ಬಿತ್ತು. ಅದೇ ಏಪ್ರಿಲ್ 1ಕ್ಕೆ, 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮಣಿಪಾಲದಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಒಂದೇ ವಾರದಲ್ಲಿ ಇವೆರಡೂ ಆಗಬಹುದು ಎಂದು ಐದು ವರ್ಷ ಮೊದಲು ಯಾರಾದರೂ ಹೇಳಿದ್ದರೆ ನಾವು ನಂಬುತ್ತಿದ್ದೆವಾ?

ಕಾಪು ಕಡೆಯದ್ದು ಬೇರೆ ಪಾಠ. ಎಲ್ಲೂರಿನ ವಿದ್ಯುತ್ ಸ್ಥಾವರದಲ್ಲಿ 600 ಮೆಗಾವಾಟಿನ ಎರಡು ಘಟಕ ಉಂಟು. ಮೊದಲನೆಯದು 2010ರಲ್ಲಿ, ಎರಡನೆಯದು 2012ರಲ್ಲಿ ಶುರುವಾಯಿತು. ಯಾವುದೇ ಕಾರ್ಖಾನೆ ಕಟ್ಟುವಾಗ ಬೇಕಾಗುವ ಜನ ಬೇರೆ, ನಡೆಸುವಾಗ ಬೇಕಾಗುವ ಜನ ಬೇರೆ. ಕಟ್ಟುವವರನ್ನು ಕಂಡು ರೂಮು ಕಟ್ಟಿಸಿದರೆ ಕೆಲಸ ಮುಗಿದ ದಿನ ಅವರು ಗಂಟು ಕಟ್ಟುತ್ತಾರೆ. ಹಾಗೆಯೇ ಉಡುಪಿಯ ಪರ್ಯಾಯ ಎರಡು ವರ್ಷಕ್ಕೊಮ್ಮೆ. ಕಾರ್ಕಳದ ಮಸ್ತಕಾಭಿಷೇಕ ಹಿಂದೆ ಆದದ್ದು 2015ರಲ್ಲಿ. ಆ ದಿನಗಳ ಜನಸಂದಣಿ ನೋಡಿ ಲಾಡ್ಜಿನ ಲೆಕ್ಕ ಹಾಕಲು ಬರುವುದಿಲ್ಲ.

ಹಾಗಾದರೆ ಮಾಡುವುದೇನು? ಒಂದು ಕಾಗದದಲ್ಲಿ ಎರಡು ಕಾಲಂ ಹಾಕಿ. ಎಡಗಡೆ "ಯಾರೋ ಹೇಳಿದ್ದು". ಬಲಗಡೆ "ನಾವೇ ನೋಡಿದ್ದು". ಬ್ರೋಕರರು ಹೇಳಿದ ಮಾತೆಲ್ಲ ಎಡಕ್ಕೆ ಹೋಗಲಿ. ಒಂದೊಂದನ್ನೂ ಪರೀಕ್ಷೆ ಮಾಡಿಯೇ ಬಲಕ್ಕೆ ತನ್ನಿ.

ಬಾಡಿಗೆ ಎಷ್ಟೆಂದು ಮಾರುವವರನ್ನು ಕೇಳಬೇಡಿ. ಅದೇ ಕಟ್ಟಡದಲ್ಲಿ ಬಾಡಿಗೆಗೆ ಇರುವ ಮೂರು ಮನೆಯವರನ್ನು ಕೇಳಿ. ರಾತ್ರಿ ಎಂಟು ಗಂಟೆಗೆ ಹೋಗಿ ಎಷ್ಟು ಕಿಟಕಿಯಲ್ಲಿ ಬೆಳಕು ಉಂಟೆಂದು ಎಣಿಸಿ. ಕಾಲೇಜು ನಡೆಯುವಾಗ ಒಮ್ಮೆ, ರಜೆಯಲ್ಲಿ ಒಮ್ಮೆ ಎಣಿಸಬೇಕು. ಮೇ ತಿಂಗಳಲ್ಲಿ ಬಾವಿ ನೋಡಿ, ಟ್ಯಾಂಕರ್ ನೀರಿಗೆ ಎಷ್ಟು ಕೊಡ್ತಾರೆ ಎಂದು ವಾಚ್‌ಮನ್‌ನನ್ನು ವಿಚಾರಿಸಿ. ಜುಲೈಯಲ್ಲಿ ಹೋಗಿ ಗೋಡೆ ಮುಟ್ಟಿ ನೋಡಿ. ನಮ್ಮ ಮಳೆಗೆ ಸೋರದ ತಾರಸಿ ಎಷ್ಟಿವೆ ಎಂದು ನಿಮಗೇ ಗೊತ್ತು. ಕಡಲ ಬದಿಯಾದರೆ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. "ರೇಟು ಏರ್ತದೆ" ಎಂದರೆ, ಅದೇ ಕಟ್ಟಡದ ಹಳೆ ಫ್ಲ್ಯಾಟ್ ಈಚೆಗೆ ಎಷ್ಟಕ್ಕೆ ಮಾರಿ ಹೋಗಿದೆ ಎಂದು ಕೇಳಿ. ಋಣಭಾರ ಪತ್ರ, ಕನ್ವರ್ಶನ್, ಡೋರ್ ನಂಬ್ರ ಎಲ್ಲವನ್ನೂ ನಿಮ್ಮದೇ ವಕೀಲರಿಗೆ ತೋರಿಸಿ. ಕಟ್ಟಿಸಿದವರ ವಕೀಲರಿಗಲ್ಲ.

ಕೊನೆಗೆ ಒಂದು ಪ್ರಶ್ನೆ. ಆರು ತಿಂಗಳು ಬಾಡಿಗೆ ಬಾರದಿದ್ದರೆ ಕಂತು ಕಟ್ಟಲು ಮನೆಯಲ್ಲಿ ದುಡ್ಡು ಉಂಟೋ? ಇದ್ದರೆ ಧೈರ್ಯವಾಗಿ ಮುಂದೆ ಹೋಗಿ. ಇಲ್ಲದಿದ್ದರೆ ಗದ್ದೆ ಅಡವಿಗೆ ಇಡಬೇಡಿ.

ಇದು ನಮಗೆ ಹೊಸ ಬುದ್ಧಿಯಲ್ಲ. ಅಡಿಕೆಗೆ ಕೊಳೆರೋಗ ಬರ್ತದೆ ಎಂದು ತಿಳಿದೇ ನಾವು ಮದ್ದು ಬಿಡುತ್ತೇವೆ. ಒಳ್ಳೆ ಫಸಲು ಬಂದ ವರ್ಷವನ್ನೇ ಹಿಡಿದು ಯಾವ ಕೃಷಿಕನೂ ಮಗಳ ಮದುವೆ ನಿಶ್ಚಯ ಮಾಡುವುದಿಲ್ಲ. ಅದೇ ಎಚ್ಚರವನ್ನು ಪೇಟೆಯ ಫ್ಲ್ಯಾಟಿಗೂ ತೋರಿಸಿ ಎಂದಷ್ಟೇ ನಮ್ಮ ಕೋರಿಕೆ. ಅರ್ಜಿ ಬರೆಯುವ ಮೊದಲು ಆ ಎರಡು ಕಾಲಮ್ಮಿನ ಕಾಗದ ಹಿಡಿದುಕೊಂಡು ಸಂಘದ ಕಚೇರಿಗೆ ಬನ್ನಿ, ಒಟ್ಟಿಗೆ ಕೂತು ನೋಡುವ.