ವಿದ್ಯುತ್ತು ಬರುವ ಹೊತ್ತು



ವಿದ್ಯುತ್ತಿನ ಪಾಠದಲ್ಲಿ ‘ಎಷ್ಟು’ ಎಂಬುದನ್ನು ಕಲಿಸುವುದು ರೂಢಿ. ‘ಯಾವಾಗ’ ಎಂಬುದನ್ನೂ ಕಲಿಸಬೇಕಾಗಿದೆ. ಹೆಚ್ಚಿನ ಪ್ರಮಾಣದಲ್ಲಿ ಕೂಡಿಡುವುದು ಕಷ್ಟವಾದ ಕಾರಣ, ವಿದ್ಯುತ್ತನ್ನು ಬೇಕಾದ ಕ್ಷಣದಲ್ಲೇ ಉತ್ಪಾದಿಸಬೇಕಾಗುತ್ತದೆ.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳನ್ನು ತಲುಪಿತು. ಅಷ್ಟು ದೂರ ಸಾಗಿಸುವ ತಂತ್ರವಿದ್ಯೆ ಆಗ ಹೊಸದು. ಆದರೆ ತಂತ್ರವಿದ್ಯೆಯೊಂದರಿಂದಲೇ ಯೋಜನೆ ಕೈಗೂಡುತ್ತಿರಲಿಲ್ಲ. ಗಣಿಯ ಯಂತ್ರಗಳು ಹಗಲಿರುಳೆನ್ನದೆ ಓಡುತ್ತಿದ್ದವು. ಎಲ್ಲ ಹೊತ್ತಿನಲ್ಲೂ ಕೊಳ್ಳುವವರಿದ್ದುದರಿಂದ ಹೂಡಿದ ಹಣ ಮರಳುವ ಭರವಸೆಯಿತ್ತು. ಬೆಂಗಳೂರಿನ ಬೀದಿದೀಪಗಳ ಸರದಿ ಬಂದದ್ದು 1905ರಲ್ಲಿ. ಬೇಸಿಗೆಯಲ್ಲಿ ಕಾವೇರಿ ಬಡವಾದಾಗ ಮಾತ್ರ ಯಂತ್ರಗಳಿಗೆ ನೀರು ಸಾಲದು. 1911ರಲ್ಲಿ ಆರಂಭವಾದ ಕನ್ನಂಬಾಡಿ ಅಣೆಕಟ್ಟಿಗೆ ನೀರಾವರಿಯಷ್ಟೇ ಅಲ್ಲದೆ, ಈ ವಿದ್ಯುದಾಗಾರಕ್ಕೆ ವರ್ಷವಿಡೀ ನೀರೊದಗಿಸುವುದೂ ಉದ್ದೇಶವಾಗಿತ್ತು. ಮಂಡ್ಯದ ಗದ್ದೆಗಳಿಗೆ ನೀರು ಬಂದುದರಲ್ಲಿ ಕೋಲಾರದ ಚಿನ್ನಕ್ಕೂ ಪಾಲಿದೆಯೆಂದರೆ ಮಕ್ಕಳು ಕಿವಿಗೊಟ್ಟು ಕೇಳಿಯಾರು.

ವಿಮಾನದ ಆಸನವೂ ಇಂಥದೇ ಸರಕು. ಖಾಲಿಯಾಗಿಯೇ ಹಾರಿಹೋದ ಆಸನವನ್ನು ಮರುದಿನ ಮಾರಲಾಗದು. ಒಂದೇ ಪ್ರಯಾಣದ ಟಿಕೆಟ್ಟಿನ ದರ ಬೇಡಿಕೆಯನ್ನು ನೋಡಿಕೊಂಡು ಏರಿಳಿಯುವುದು ಅದಕ್ಕಾಗಿಯೇ. ಆದರೂ ಪ್ರಯಾಣಿಕನು ಮುಂದಿನ ವಿಮಾನಕ್ಕೆ ಕಾಯಬಲ್ಲ. ದೀಪದ ಗುಂಡಿ ಒತ್ತಿದವನು ಕಾಯಲಾರ.

ಈ ಇಕ್ಕಟ್ಟಿನ ಇಂದಿನ ರೂಪವನ್ನು ಮಡಕಶಿರಾದ ನೆರೆಯ ಪಾವಗಡದಲ್ಲಿ ಕಾಣಬಹುದು. ಪದೇಪದೇ ಬರಕ್ಕೆ ತುತ್ತಾಗುವ ಆ ಸೀಮೆಯಲ್ಲಿ, ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಫಲಕಗಳು ಹರಡಿವೆ. ಬೆಳೆಯನ್ನು ಸುಡುತ್ತಿದ್ದ ಬಿಸಿಲೇ ಅಲ್ಲಿ ಆದಾಯವಾಯಿತು; ಜಮೀನಿಲ್ಲದ ಕೂಲಿಯವರಿಗೆ ಗುತ್ತಿಗೆಯ ಹಣವಿಲ್ಲವೆಂಬುದನ್ನೂ ಮರೆಯಲಾಗದು. ಆದರೆ ಮಧ್ಯಾಹ್ನ ಉಕ್ಕುವ ಈ ವಿದ್ಯುತ್ತು, ಮನೆಮನೆಯಲ್ಲಿ ದೀಪ ಹೊತ್ತುವ ವೇಳೆಗೆ ಇಲ್ಲವಾಗುತ್ತದೆ.

ಹಗಲಿನ ಹೆಚ್ಚುವರಿಯಿಂದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಸಂಜೆ ಕೆಳಗೆ ಬಿಟ್ಟು ವಿದ್ಯುತ್ತು ಪಡೆಯುವುದು ಒಂದು ಉಪಾಯ. ನೀಲಗಿರಿಯ ಕುಂದಾದಲ್ಲಿ 500 ಮೆಗಾವ್ಯಾಟಿನ ಇಂಥ ಯೋಜನೆಯನ್ನು ರೂಪಿಸಲಾಗಿದೆ. ಈ ಬಗೆಯ ವ್ಯವಸ್ಥೆಯಲ್ಲಿ 100 ಯೂನಿಟ್ ವ್ಯಯಿಸಿದರೆ ಮರಳುವುದು ಸುಮಾರು 75ರಿಂದ 80.

ಬೇಡಿಕೆಯನ್ನೇ ಹಗಲಿಗೆ ಸರಿಸುವುದು ಇನ್ನೊಂದು ದಾರಿ. ಉಳಿದವರ ಬಳಕೆ ತಗ್ಗಿದ ರಾತ್ರಿಯ ಹೊತ್ತಿನಲ್ಲಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ಕೊಡುವ ಕ್ರಮ ಬಹುಕಾಲ ನಡೆದುಬಂದಿತು. ರೈತನು ಟಾರ್ಚು ಹಿಡಿದು, ಹಾವಿನ ಭಯದಲ್ಲೇ ಬದುವಿನ ಮೇಲೆ ನಡೆದು ನೀರು ಹಾಯಿಸುತ್ತಿದ್ದನು. ಸೌರ ವಿದ್ಯುತ್ತು ಹೆಚ್ಚಿದಂತೆ ಆ ಸರದಿ ಹಗಲಿಗೆ ಬರುತ್ತಿದೆ. ತಮ್ಮ ಹೊಲಕ್ಕೆ ಈಗ ಯಾವ ಹೊತ್ತಿಗೆ ವಿದ್ಯುತ್ತು ಬರುತ್ತದೆ, ಅಜ್ಜನ ಕಾಲದಲ್ಲಿ ಯಾವಾಗ ಬರುತ್ತಿತ್ತು ಎಂದು ಮಕ್ಕಳು ಮನೆಯಲ್ಲಿ ಕೇಳಿ ಬರೆದು ತರಲಿ.